ಒಂದು ತಾಸಿನ ಹಾದಿ

ಬೆಂಗಳೂರಿನಿಂದ ಬೆಳಗಾವಿಗೆ ಆಕಾಶದ ದೂರ ಸುಮಾರು 440 ಕಿ.ಮೀ. ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಿಡಿದು ತೆಗೆಯುವ ಲೆಕ್ಕ ಇದು. ನಡುವಿನ ಊರುಗಳು ಇದರಲ್ಲಿ ಬರುವುದಿಲ್ಲ. ಹಾರಾಟ ಒಂದು ತಾಸಿನ ಮೇಲೆ ಸ್ವಲ್ಪ.

ಆಯಿ ತೀರಿಕೊಂಡ ದಿನ ಕಾಕಾ ಫೋನಿನಲ್ಲಿ ಕೇಳಿದರು: “ಎಷ್ಟೊತ್ತಿಗಿ ಮುಟ್ಟತಿ, ತಮ್ಮಾ?”

ಮೊದಲ ಸಲ ವಿಮಾನದ ಟಿಕೆಟ್ ತೆಗೆದಿದ್ದೆ. “ಹನ್ನೊಂದಕ್ಕ ಬಿಡತೈತ್ರಿ ಕಾಕಾ. ಬರೇ ಒಂದ ತಾಸಿನ ಹಾದಿ” ಎಂದುಬಿಟ್ಟೆ. ಅವರು ಎರಡು ಗಂಟೆಗೆ ಮಣ್ಣು ಎಂದು ಬೀಗರಿಗೆಲ್ಲ ತಿಳಿಸಿದರು.

ಸಾಂಬ್ರಾದಲ್ಲಿ ಇಳಿದಾಗ ಹನ್ನೆರಡೂ ಕಾಲು. ಅಲ್ಲಿಂದ ಬೆಳಗಾವಿ ಬಸ್‌ಸ್ಟ್ಯಾಂಡಿಗೆ ಹತ್ತು ಕಿ.ಮೀ. ಮುಂದೆ ಸಂಕೇಶ್ವರ, ಚಿಕ್ಕೋಡಿ, ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ನಿಪ್ಪಾಣಿಯವರಿಗೆ ಕೊಲ್ಹಾಪುರದ ವಿಮಾನ ನಿಲ್ದಾಣ ಹತ್ತಿರ. ರಾಯಬಾಗದವರಿಗೆ ರೈಲಿದೆ, ಕಾಗವಾಡದವರಿಗೆ ಮಗ್ಗುಲಲ್ಲೇ ಮಿರಜ್ ಜಂಕ್ಷನ್. ಅಥಣಿಗೆ ರೈಲೂ ಇಲ್ಲ, ಬಸ್ಸೇ ಗತಿ. 440 ಕಿ.ಮೀ. ದಾಟಲು ಹಿಡಿದದ್ದರ ಮೂರು ಪಟ್ಟಿಗಿಂತ ಹೆಚ್ಚು ಹೊತ್ತು ಈ ಕೊನೆಯ ದಾರಿಗೆ ಹಿಡಿಯಿತು.

ನಾಲ್ಕರ ತನಕ ಕಾದರಂತೆ. ನಾನು ಮುಟ್ಟುವಾಗ ಐದಾಗಿತ್ತು. ಹೊಲದಲ್ಲಿ ಹಸಿಮಣ್ಣಿನ ಮೇಲೆ ಹೂವು, ಊದಿನಕಡ್ಡಿ. ಒಂದು ಹಿಡಿ ಮಣ್ಣು ಹಾಕಿ ಕೂತೆ.

ಕಾಕಾ ಬೆನ್ನ ಮೇಲೆ ಕೈಯಿಟ್ಟು ಕೇಳಿದರು: “ಇಮಾನ ತಡಾ ಆತೇನೋ?”

ವಿಮಾನ ಸರಿಯಾದ ಹೊತ್ತಿಗೇ ಇಳಿದಿತ್ತು.

“ಹೌದ್ರಿ” ಎಂದೆ.