ಹಡಗಿನಲ್ಲಿ ಪುಕ್ಕಟೆ ಬಿಸಿನೀರು

ಮಯಾಮಿಯಿಂದ ಬಹಾಮಾಸ್‌ಗೆ ಹೊರಟ ಹಡಗು ಹತ್ತುವಾಗ ನನ್ನ ಕೈಚೀಲದಲ್ಲಿದ್ದದ್ದು ಫಿಲ್ಟರು, ಕಾಫಿಪುಡಿ, ಪುಟ್ಟದೊಂದು ಕರೆಂಟ್ ಕೆಟಲ್. ಕೆಟಲ್ ತಪಾಸಣೆಯಲ್ಲೇ ಹೋಯಿತು! ಬೆಂಕಿಯ ಭಯವಂತೆ. "ಬೇಡ ಅಂದ್ರೆ ಕೇಳಿದ್ಯಾ?" ಎಂದರು ನಮ್ಮವರು. ಬಿಸಿನೀರಿಲ್ಲದೆ ಮಾತ್ರೆ ನುಂಗದ ಅತ್ತೆಯವರ ಮುಖ ಬಾಡಿತು.

ಊಟದ ಅಂತಸ್ತಿಗೆ ಹೋಗಿ ನೋಡಿದರೆ ಬಿಸಿನೀರು, ಟೀ, ಕಾಫಿ ಎಲ್ಲ ಪುಕ್ಕಟೆ! ಕೋಲಾ, ಮದ್ಯ ಮುಟ್ಟಿದರೆ ಮಾತ್ರ ಕೋಣೆಯ ಲೆಕ್ಕಕ್ಕೆ ಡಾಲರು ಏರುತ್ತದೆ. ಕಾರ್ನಿವಲ್, ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ವಯಸ್ಕರು ಹತ್ತುವ ದಿನ ತಲಾ ಒಂದು 750 ಮಿ.ಲೀ. ವೈನ್ ಸೀಸೆ ತರಬಹುದು. ನಡುವೆ ದಡದಲ್ಲಿ ಕೊಂಡ ಮದ್ಯ ಪ್ರವಾಸ ಮುಗಿಯುವವರೆಗೆ ಅವರ ವಶ. ನಮಗೇಕೆ ಆ ಗೊಡವೆ, ಅನ್ನಿ!

ಅಲ್ಲಿಯ ಬಿಸಿನೀರನ್ನೇ ಫಿಲ್ಟರಿಗೆ ಹುಯ್ದು ಡಿಕಾಕ್ಷನ್ ಇಳಿಸಿದೆ. ಅತ್ತೆಯವರು ಎರಡು ಲೋಟ ಕುಡಿದು, "ಹಾಲು ಮಾತ್ರ ತೆಳು ಕಣೇ" ಎಂದರು.