ಬಿಸಿಲುಕೋಲಿನ ಮುಹೂರ್ತ

ಹೊತ್ತು ನೋಡಿ ಹೊರಡುವುದು ನಮ್ಮ ವಂಶದ ಚಾಳಿ. ನನ್ನ ತಂದೆಯವರು ಪಂಚಾಂಗ ತೆರೆಯದೆ ಪಕ್ಕದೂರಿನ ಸಂತೆಗೂ ಹೊರಟವರಲ್ಲ. ಅಮೆರಿಕದಲ್ಲಿ ನೆಲಸಿರುವ ನನ್ನ ಮಗನಿಗೆ ರಾಹುಕಾಲ, ಗುಳಿಕಕಾಲಗಳಲ್ಲಿ ನಂಬಿಕೆಯಿಲ್ಲ. ಆದರೂ ಕಳೆದ ಜೂನ್ ತಿಂಗಳಲ್ಲಿ ನನ್ನನ್ನು ಆಂಟಿಲೋಪ್ ಕ್ಯಾನಿಯನ್ನಿಗೆ ಕರೆದೊಯ್ಯಲು ಅವನು ಮುಹೂರ್ತ ಹುಡುಕಿದ ಬಗೆಯನ್ನು ಕಂಡಿದ್ದರೆ, ಅವನ ಅಜ್ಜ ಮೆಚ್ಚಿ ತಲೆದೂಗುತ್ತಿದ್ದರು.

ಅರಿಜೋನಾ ಪ್ರಾಂತದ ಉತ್ತರದ ಮರುಭೂಮಿಯಲ್ಲಿ, ಪೇಜ್ ಎಂಬ ಊರಿನ ಬಳಿ, ನವಾಹೊ ಜನರ ನೆಲದಲ್ಲಿ ಇರುವ ಕೊರಕಲು ಅದು. ಮಳೆಯ ನೀರು ಮರಳುಗಲ್ಲನ್ನು ಯುಗಯುಗಗಳಿಂದ ಕೊರೆದು ಮಾಡಿದ ಓಣಿ. ಗೋಡೆಗಳ ಎತ್ತರ ಸುಮಾರು 120 ಅಡಿ. ನೆತ್ತಿಯಲ್ಲಿ ಬರಿಯ ಒಂದು ಬಿರುಕು. ಆ ಬಿರುಕಿನಿಂದ ಬಿಸಿಲು ಕೆಳಗಿಳಿಯಬೇಕಾದರೆ ಸೂರ್ಯ ನೆತ್ತಿಯ ಹತ್ತಿರ ಬರಬೇಕು. ಮಾರ್ಚ್ ಕೊನೆಯಿಂದ ಅಕ್ಟೋಬರ್ ಮೊದಲಿನವರೆಗೆ, ಅದೂ ನಡುಹಗಲಿನ ಎರಡು ಗಂಟೆ ಮಾತ್ರ, ಆ ಭಾಗ್ಯ. ಇದು ಮೇಲಿನ ಕೊರಕಲಿನ ಮಾತು. ಕೆಳಗಿನ ಕೊರಕಲಿಗೆ ಬಾಯಿ ಅಗಲ. ಅಲ್ಲಿ ಬೆಳಿಗ್ಗೆಯೂ ಬಣ್ಣ ಕಾಣುತ್ತದೆ.

ಮಗ ಹೊತ್ತು ಗೊತ್ತುಮಾಡಿದ. ಆದರೆ ಅದು ಯಾರ ಗಡಿಯಾರದ ಹೊತ್ತೆಂದು ವಿಚಾರಿಸಲಿಲ್ಲ. ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಪದ್ಧತಿ ಅರಿಜೋನಾದಲ್ಲಿಲ್ಲ. ನವಾಹೊ ಸೀಮೆಯಲ್ಲಿ ಉಂಟು. ಕೊರಕಲು ತೋರಿಸುವವರು ಮಾತ್ರ, ನೆಲ ನವಾಹೊಗಳದ್ದಾದರೂ, ಅರಿಜೋನಾದ ವೇಳೆಯನ್ನೇ ಹಿಡಿಯುತ್ತಾರೆ. ಮಗನ ಫೋನು ನವಾಹೊ ಪಕ್ಷ ಸೇರಿಬಿಟ್ಟಿತ್ತು. ಅಂತೂ ನಾವು ಒಂದು ಗಂಟೆ ಮೊದಲೇ ಹೋಗಿ ನಿಂತೆವು.

“ಮುಂಚೆ ಬಂದರೆ ನಷ್ಟವೇನೋ?” ಎಂದೆ.

ಅವನ ಮುಖ ಕಪ್ಪಿಟ್ಟಿತು. “ನನಗೆ ಹೊತ್ತಿನ ಲೆಕ್ಕ ಬರುವುದೇ ಇಲ್ಲ, ಅಪ್ಪ. ಅಮ್ಮನಿಗೂ ಹಾಗೇ ಮಾಡಿದೆ.”

ಎರಡು ವರ್ಷದ ಹಿಂದೆ ನನ್ನಾಕೆ ದೀಪ ಹಚ್ಚುವ ಹೊತ್ತಿಗೆ ಹೋದಳು. ಇವನ ವಿಮಾನ ಇಳಿದದ್ದು ಮರುದಿನ ಬೆಳಿಗ್ಗೆ. ಆ ಮಾತನ್ನು ಅವನೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಎತ್ತದೆ ಇರಲು ನನಗೆ ಬೇರೆಯೇ ಕಾರಣವಿತ್ತು. ಅಂದು ಹೇಳಿದೆ:

“ಲೆಕ್ಕ ತಪ್ಪಿದ್ದು ನಿನ್ನದಲ್ಲ ಕಣೋ. ನಾಲ್ಕು ದಿನ ಮೊದಲೇ ಡಾಕ್ಟರು ನಿನಗೆ ತಿಳಿಸಿ ಎಂದಿದ್ದರು. ‘ಪಾಪ, ರಜ ಸಿಗುವುದು ಕಷ್ಟ, ನೋಡೋಣ’ ಎಂದಳು ನಿನ್ನಮ್ಮ. ನಾನೂ ನೋಡೋಣ ಎಂದೆ.”

ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ನೀರಿನ ಸೀಸೆಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟ.

ನಮ್ಮನ್ನು ಒಳಗೆ ಕರೆದೊಯ್ದ ನವಾಹೊ ಹೆಂಗಸು ಮೊದಲು ದೂರದ ದಿಗಂತವನ್ನು ನೋಡಿದಳು. 1997ರ ಆಗಸ್ಟ್ 12ರಂದು ಮೈಲಿಗಟ್ಟಲೆ ಆಚೆ ಸುರಿದ ಮಳೆ ಕೆಳಗಿನ ಕೊರಕಲಿಗೆ ನುಗ್ಗಿ 11 ಮಂದಿ ಪ್ರವಾಸಿಗಳನ್ನು ಬಲಿ ತೆಗೆದುಕೊಂಡಿತು. ಮೇಲಿನ ಕೊರಕಲಿಗೆ ಅವರ ಭಾಷೆಯಲ್ಲಿರುವ ಹೆಸರಿನ ಅರ್ಥ, ಬಂಡೆಗಳ ನಡುವೆ ನೀರು ಹರಿಯುವ ತಾಣ. ನಾವು ಬೆಳಕಿನ ಹೊತ್ತು ಕೇಳಿಕೊಂಡು ಹೋಗುತ್ತೇವೆ. ಅಲ್ಲಿಯವರು ನೀರಿನ ಹೊತ್ತನ್ನು ಮರೆತಿಲ್ಲ.

ಒಳಗೆ ತಂಪು, ಮಬ್ಬು. ಇದ್ದಕ್ಕಿದ್ದಂತೆ ಮೇಲಿನಿಂದ ಬೆಳಕು ಇಳಿಯಿತು. ಅವಳು ಒಂದು ಹಿಡಿ ಮರಳು ತೂರಿದಳು; ತೆಳ್ಳಗಿದ್ದ ಬೆಳಕು ಕಂಬವಾಗಿ ನಿಂತಿತು. ಚಿಕ್ಕಂದಿನಲ್ಲಿ ನಮ್ಮ ಅಡಿಗೆಮನೆಯ ಹೆಂಚಿನ ಸಂದಿಯಿಂದ ಇಳಿಯುತ್ತಿದ್ದ ಬಿಸಿಲುಕೋಲೂ ಒಲೆಯ ಹೊಗೆಯಿದ್ದಾಗಲೇ ಕಾಣುತ್ತಿತ್ತು. ಕೆಲವೇ ನಿಮಿಷಗಳಲ್ಲಿ ಕಂಬ ಸೊರಗಿತು. ಆದರೆ ಗೋಡೆಯಿಂದ ಗೋಡೆಗೆ ಬಿದ್ದ ಬೆಳಕು ಕಿತ್ತಳೆಯಾಗಿ, ನೇರಿಳೆಯಾಗಿ ಉಳಿದೇ ಇತ್ತು.

“ಚಿತ್ರ ತೆಗೆಯಲಿಲ್ಲವೇನೋ?” ಎಂದೆ.

“ಮರೆತೆ” ಎಂದ. ಅವನ ಕೈ ನನ್ನ ಮೊಣಕೈ ಹಿಡಿದಿತ್ತು.

ಹಿಂದಿರುಗುವಾಗಲೂ ಕಾರಿನ ಗಡಿಯಾರಕ್ಕೂ ಫೋನಿಗೂ ಒಂದು ಗಂಟೆಯ ಜಗಳ. ಯಾವುದು ಸರಿ ಎಂದು ನಾವಿಬ್ಬರೂ ಕೇಳಲಿಲ್ಲ.