‘ಹೊಯ್’ ಎಂದವರು

ಅರಸೀಕೆರೆಯಲ್ಲಿ ‘ಕೋಚು’ ಎಂದರೆ ರೈಲಿನ ಡಬ್ಬಿ. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ದಾರಿಗೆ ಹಾಸನ ಮೈಸೂರುಗಳ ದಾರಿ ಬಂದು ಕೂಡುವ ಊರು ಅದು. ಅಲ್ಲಿಯವರಿಗೆ ಯಾವ ಕೋಚು ಯಾವ ಕಂಬದ ಎದುರಿಗೆ ಬಂದು ನಿಲ್ಲುತ್ತದೆ ಎಂಬುದು ಗೊತ್ತು. ಕೊಬ್ಬರಿಯ ಧಾರಣೆ ಗೊತ್ತು. ಆದರೆ ಕೋಚು ಎಂಬ ಹೆಸರಿನ ಮನುಷ್ಯನೂ ಇರುತ್ತಾನೆ, ಅವನು ಸ್ವತಃ ಆಡುವುದಿಲ್ಲ, ಗೆರೆಯ ಆಚೆಗೆ ನಿಂತು ಕೂಗುತ್ತಾನೆ, ಅದಕ್ಕಾಗಿ ಅವನಿಗೆ ಸಂಬಳವನ್ನೂ ಕೊಡುತ್ತಾರೆ ಎಂದರೆ ನಮ್ಮ ಹಿರಿಯರು ನಗುತ್ತಿದ್ದರು. ಕೂಗುವುದಕ್ಕೆ ಸಂಬಳವೆ? ಅದನ್ನು ಮನೆಯಲ್ಲಿ ಎಲ್ಲರೂ ಪುಕ್ಕಟೆಯಾಗಿ ಮಾಡುತ್ತಾರಲ್ಲ!

ಎರಡು ಅರ್ಥಗಳಿಗೂ ಮೂಲ ಒಂದೇ ಎಂಬುದು ತಮಾಷೆಯ ಸಂಗತಿ. ಹಂಗೆರಿ ದೇಶದ ಕೋಚ್ ಎಂಬ ಹಳ್ಳಿಯಲ್ಲಿ ಒಳ್ಳೆಯ ಗಾಡಿಗಳನ್ನು ಮಾಡುತ್ತಿದ್ದರು. ಊರಿನ ಹೆಸರೇ ಗಾಡಿಗೆ ನಿಂತಿತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ವಿದ್ಯಾರ್ಥಿಗಳು, ದಡ್ಡನನ್ನು ಹೊತ್ತು ಪರೀಕ್ಷೆಯ ಆಚೆಯ ದಡಕ್ಕೆ ಸೇರಿಸುವ ಮನೆಪಾಠದ ಮೇಷ್ಟರನ್ನು ಗೇಲಿಗಾಗಿ ಹಾಗೆ ಕರೆದರು. ಅಲ್ಲಿಂದ ಆ ಮಾತು ಆಟದ ಬಯಲಿಗೆ ಇಳಿಯಿತು. ನಮ್ಮ ಕಡೆ ಮಾತ್ರ ಅವನ ಹೆಸರು ಡ್ರಿಲ್ ಮೇಷ್ಟರು. ಕಾಲೇಜಿನಲ್ಲಾದರೆ ದೈಹಿಕ ಶಿಕ್ಷಣ ನಿರ್ದೇಶಕರು. ಹೆಸರು ಉದ್ದವಾಯಿತೇ ಹೊರತು ಕೆಲಸ ಬದಲಾಗಲಿಲ್ಲ.

ನಾನು ಕಾಲೇಜಿನಲ್ಲಿ ಮೂರು ವರ್ಷ ಬಾಸ್ಕೆಟ್‌ಬಾಲ್ ಆಡಿದವನು. ನನ್ನ ಎತ್ತರ ಐದಡಿ ಐದು ಅಂಗುಲ. ತಂಡಕ್ಕೆ ಸೇರಿದ್ದು ಅರ್ಹತೆಯಿಂದಲ್ಲ, ಐದನೆಯವನು ಬೇರೆ ಸಿಗಲಿಲ್ಲವೆಂದು. ನಮ್ಮ ಮೇಷ್ಟರು ಬೆಳಗ್ಗೆ ಆರಕ್ಕೆ ಬಂದು ಅಂಕಣದ ಮೇಲೆ ಬಿದ್ದ ಎಲೆಗಳನ್ನು ತಾವೇ ಗುಡಿಸುತ್ತಿದ್ದರು. ಮಳೆಗೆ ಅಳಿಸಿದ ಗೆರೆಗಳನ್ನು ಸುಣ್ಣದ ನೀರಿನಲ್ಲಿ ತಾವೇ ಬರೆಯುತ್ತಿದ್ದರು. ಕಾಲೇಜಿಗೆ ಇದ್ದುದು ಎರಡೇ ಚೆಂಡು. ರಜೆಯಲ್ಲಿ ಅವು ಅವರ ಮನೆಯ ಅಟ್ಟದ ಮೇಲೆ, ಕುಂಬಳಕಾಯಿಗಳ ಪಕ್ಕದಲ್ಲಿ ಇರುತ್ತಿದ್ದವು. ಮೈಸೂರು ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳಿಗೆ ಹೊರಟರೆ ಬಸ್ಸಿನ ಚೀಟಿ, ಮೊಸರನ್ನದ ಡಬ್ಬಿ, ನೋವಿನ ಎಣ್ಣೆ ಎಲ್ಲಕ್ಕೂ ಅವರೇ. ಆಟ ನಡೆಯುವಾಗ ಅವರು ಕೂಗುತ್ತಿದ್ದುದು ಒಂದೇ ಮಾತು: ‘ಇಟ್ಕೋಬೇಡ, ಕೊಡು!’ ಮೊದಲ ವರ್ಷ ಅದು ಚೆಂಡಿನ ವಿಷಯವೆಂದು ತಿಳಿದಿದ್ದೆವು.

ಈ ಆಟವನ್ನು ಕಂಡುಹಿಡಿದವನೂ ಒಬ್ಬ ಡ್ರಿಲ್ ಮೇಷ್ಟರೇ. 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ, ಹೊರಗೆ ಹಿಮ ಬೀಳುತ್ತಿದ್ದಾಗ ಒಳಗೆ ಪುಂಡಾಟ ಮಾಡುತ್ತಿದ್ದ ಹುಡುಗರನ್ನು ಹದಕ್ಕೆ ತರಲು ಜೇಮ್ಸ್ ನೈಸ್ಮಿತ್ ಎರಡು ಹಣ್ಣಿನ ಬುಟ್ಟಿಗಳನ್ನು ಮೊಳೆ ಹೊಡೆದು ತೂಗುಹಾಕಿದ. ಹದಿಮೂರು ನಿಯಮಗಳನ್ನು ಬರೆದ. ಬುಟ್ಟಿಗೆ ತಳವಿತ್ತು, ಚೆಂಡು ಬಿದ್ದಾಗಲೆಲ್ಲ ಏಣಿ ಹತ್ತಿ ತೆಗೆಯಬೇಕಾಗಿತ್ತು. ಮುಂದೆ 1898ರಲ್ಲಿ ಅವನು ಕ್ಯಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿಯ ತಂಡಕ್ಕೆ ಮೊದಲ ಕೋಚಾದ. ಅವನ ಲೆಕ್ಕ ನೋಡಿ: 55 ಗೆಲುವು, 60 ಸೋಲು. ಆ ವಿಶ್ವವಿದ್ಯಾಲಯದ ಕೋಚುಗಳಲ್ಲಿ ಗೆದ್ದುದಕ್ಕಿಂತ ಹೆಚ್ಚು ಸೋತವನು, ಆಟವನ್ನು ಹುಟ್ಟಿಸಿದ ಇವನೊಬ್ಬನೇ. ಆದರೆ ಇವನ ಶಿಷ್ಯ ಫಾಗ್ ಅಲೆನ್ ಅದೇ ಜಾಗದಲ್ಲಿ 39 ಋತುಗಳನ್ನು ಕಳೆದು ದೊಡ್ಡ ಗುರುವಾದ. ಗುರುವಿನ ಲೆಕ್ಕವನ್ನು ಗುರುವಿನ ಪುಟದಲ್ಲಿ ಹುಡುಕಬಾರದು, ಶಿಷ್ಯನ ಪುಟದಲ್ಲಿ ಹುಡುಕಬೇಕು.

ಆಮೇಲೆ ಆ ದೇಶದಲ್ಲಿ ಕಾಲೇಜಿನ ಆಟ ಜಾತ್ರೆಯಾಯಿತು. 1939ರಲ್ಲಿ ಎಂಟು ತಂಡಗಳಿಂದ ಮೊದಲಾದ ಅಖಿಲ ಅಮೆರಿಕ ಕಾಲೇಜು ಪಂದ್ಯಾವಳಿಯಲ್ಲಿ 2011ರ ಹೊತ್ತಿಗೆ 68 ತಂಡಗಳಿದ್ದವು. ಮಾರ್ಚಿ ತಿಂಗಳು ಬಂದರೆ ಅಲ್ಲಿಯ ಕಚೇರಿಗಳಲ್ಲಿ ಕೆಲಸ ಕುಂಟುತ್ತದಂತೆ. ಅಲ್ಲಿಯ ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ನೌಕರರ ಪೈಕಿ ಎಲ್ಲರಿಗಿಂತ ಹೆಚ್ಚು ಸಂಬಳ ಬರುವುದು ರಾಜ್ಯಪಾಲನಿಗಲ್ಲ, ವಿಶ್ವವಿದ್ಯಾಲಯದ ಕೋಚಿಗೆ. ಜಾನ್ ವುಡನ್ ಎಂಬಾತ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯಕ್ಕೆ 1964ರಿಂದ 1975ರವರೆಗಿನ ಹನ್ನೆರಡು ವರ್ಷಗಳಲ್ಲಿ ಹತ್ತು ಬಾರಿ ಕಿರೀಟ ತಂದುಕೊಟ್ಟ. ಅವನು ಮೊದಲ ದಿನ ಕಲಿಸುತ್ತಿದ್ದುದು ಕಾಲುಚೀಲ ಹಾಕುವ ಕ್ರಮವನ್ನು. ಚೀಲ ಸುಕ್ಕಾದರೆ ಬೊಬ್ಬೆ, ಬೊಬ್ಬೆ ಎದ್ದರೆ ಆಟವಿಲ್ಲ. ನನಗೆ ಹೆಚ್ಚು ಇಷ್ಟವಾದವಳು ಟೆನ್ನೆಸಿಯ ಪ್ಯಾಟ್ ಸಮಿಟ್. 1974ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿಗೆ, ತಿಂಗಳಿಗೆ 250 ಡಾಲರಿಗೆ ಸೇರಿದಳು. ತಂಡದ ವ್ಯಾನನ್ನು ತಾನೇ ಓಡಿಸಿದಳು, ಹುಡುಗಿಯರ ಬಟ್ಟೆಗಳನ್ನು ತಾನೇ ಒಗೆದಳು. 2012ರಲ್ಲಿ ನಿವೃತ್ತಳಾಗುವಾಗ ಅವಳ ಗೆಲುವುಗಳು 1,098. ವ್ಯಾನು ಓಡಿಸುವ ಮಟ್ಟಿಗೆ ನಮ್ಮ ಮೇಷ್ಟರಿಗೂ ಅವಳಿಗೂ ಅಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಅದರ ಮುಂದಿನದು. ಅಲ್ಲಿ ಆ ಕೆಲಸಕ್ಕೆ ಮೆಟ್ಟಲುಗಳಿದ್ದವು. ಇಲ್ಲಿ ಒಂದೇ ಮೆಟ್ಟಲು, ಅದರ ಮೇಲೆಯೇ ನಿವೃತ್ತಿ.

ನಮ್ಮಲ್ಲಿ ಬೀಜ ಬೀಳಲಿಲ್ಲವೆಂದಲ್ಲ. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ತೆರೆದರು. 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದ ಭಾರತದ ತಂಡಕ್ಕೆ ಮ್ಯಾನೇಜರಾದವರೂ ಅವರೇ. ಅಲ್ಲಿ ಕಲಿತವರು ಸೀಟಿಯನ್ನೂ ಈ ಬುಟ್ಟಿಯಾಟವನ್ನೂ ದಕ್ಷಿಣದ ಶಾಲೆ ಕಾಲೇಜುಗಳಿಗೆ ಒಯ್ದರು. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾಸಂಸ್ಥೆ ಬಂತು, ಕೋಚುಗಳಿಗೂ ಡಿಪ್ಲೊಮಾ ಬಂತು. ಬೆಂಗಳೂರಿನಲ್ಲಿ ಆಟ ಬೇರೂರಿತು. ಬೀಗಲ್ಸ್‌ನಂಥ ಸಂಘಗಳು ಬೆಳೆದುವು. ವಿಜಯಾ ಬ್ಯಾಂಕಿನಂಥ ಬ್ಯಾಂಕುಗಳು ಆಟಗಾರರನ್ನು ಕರೆದು ಉದ್ಯೋಗ ಕೊಟ್ಟುವು. 2019ರಲ್ಲಿ ಆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಯಿತು. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ನಮ್ಮ ದೇಶದ ಹೆಂಗಸರು ಕಜಾಕಸ್ತಾನವನ್ನು ಸೋಲಿಸಿ ಏಷ್ಯಾದ ಮೇಲಿನ ವರ್ಗಕ್ಕೆ ಏರಿದರು. ಆದರೆ ಅರಸೀಕೆರೆಯ ಜೇನುಕಲ್ ಕ್ರೀಡಾಂಗಣದಲ್ಲಿ ಈ ಮಾತು ಹೇಳಿದರೆ ‘ಹೌದೇ?’ ಎನ್ನುತ್ತಾರೆ. ಜನ ಕೂಡುವುದು ಕಬಡ್ಡಿಗೆ, ವಾಲಿಬಾಲಿಗೆ. ಎಲ್ಲಕ್ಕಿಂತ ಹೆಚ್ಚಾಗಿ ಕ್ರಿಕೆಟ್ಟಿಗೆ.

ಕ್ರಿಕೆಟ್ಟಿನ ಮೇಲೆ ಹೊಟ್ಟೆಕಿಚ್ಚು ಪಡುವಂತಿಲ್ಲ. ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್ 1996ರಲ್ಲಿ ದೇಶಕ್ಕಾಗಿ ಎರಡು ಟೆಸ್ಟುಗಳನ್ನು ಆಡಿದರು, 2024ರಲ್ಲಿ ತೀರಿಕೊಂಡರು. ಅರಸೀಕೆರೆಯಿಂದ ಹಳೇಬೀಡಿನ ಕಡೆಗೆ ಹೋಗುವಾಗ ಸಿಗುವ ಜಾವಗಲ್ಲಿನ ಹೆಸರನ್ನು ಲೋಕಕ್ಕೆಲ್ಲ ಉಚ್ಚರಿಸಲು ಕಲಿಸಿದವರು ಮೈಸೂರಿನಲ್ಲಿ ಹುಟ್ಟಿದ, ಅಲ್ಲಿಯೇ ಇಂಜಿನಿಯರಿಂಗ್ ಓದಿದ ಶ್ರೀನಾಥ್: ಟೆಸ್ಟಿನಲ್ಲಿ 236 ವಿಕೆಟ್ಟುಗಳು, ಏಕದಿನದಲ್ಲಿ 315. ಹೊಯ್ಸಳರ ಕಾಲದ ನರಸಿಂಹ ದೇವಾಲಯವಿರುವ ಊರು ಅದು. ಆದರೂ ಬಸ್ಸಿನಲ್ಲಿ ಹೊರಗಿನವರು ಕೇಳುವುದು ಶ್ರೀನಾಥರನ್ನೇ.

ಬೇಲೂರಿಗೆ ಬಂದರೆ ಮಾತ್ರ ನನಗೆ ಬೇರೆ ಯೋಚನೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಬಾಗಿಲಲ್ಲಿ ಆ ಪ್ರಸಿದ್ಧ ವಿಗ್ರಹ ಉಂಟಲ್ಲ, ತರುಣನೊಬ್ಬ ಹುಲಿಯನ್ನು ಇರಿಯುವುದು? ಕಥೆ ಎಲ್ಲರಿಗೂ ಗೊತ್ತು. ಹುಲಿ ಮೇಲೆ ಬಿತ್ತು. ಗುರು ಸುದತ್ತ ಮುನಿ ‘ಹೊಯ್, ಸಳ!’ ಎಂದು ಕೂಗಿದ, ಸಳ ಹೊಯ್ದ, ವಂಶಕ್ಕೆ ಹೆಸರಾಯಿತು. ದಂತಕಥೆಯೇ ಇರಲಿ, ಸ್ವಲ್ಪ ಲೆಕ್ಕ ಹಾಕಿ ನೋಡಿ. ಆ ಹೆಸರಿನಲ್ಲಿ ಅರ್ಧ ಶಿಷ್ಯನದು, ಅರ್ಧ ಗುರುವಿನ ಕೂಗು. ಒಂದು ರಾಜವಂಶ ತನ್ನ ಹೆಸರಿನ ಅರ್ಧ ಭಾಗವನ್ನು ಗೆರೆಯಾಚೆ ನಿಂತವನಿಗೆ ಕೊಟ್ಟ ಉದಾಹರಣೆ ಬೇರೆಲ್ಲಾದರೂ ಉಂಟೆ? ಆದರೆ ವಿಗ್ರಹವನ್ನು ನೋಡಿ. ಸಳನಿದ್ದಾನೆ, ಹುಲಿಯಿದೆ. ಗುರುವಿಗೆ ಕಲ್ಲು ಸಾಲಲಿಲ್ಲ. 2023ರಲ್ಲಿ ಯುನೆಸ್ಕೊ ಈ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಆ ವಿಗ್ರಹದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವವರು ಹೆಚ್ಚಿದ್ದಾರೆ. ಕೂಗಿದವನು ಎಲ್ಲಿ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಹಳೇಬೀಡಿನ ಹೊಯ್ಸಳೇಶ್ವರನ ಗೋಡೆಯ ಮೇಲೆ ಇನ್ನೊಂದು ಪಾಠವಿದೆ: ಚಕ್ರವ್ಯೂಹ. ಸುರುಳಿ ಸುರುಳಿಯಾಗಿ ಸೈನ್ಯ, ಒಳಗೆ ಅಭಿಮನ್ಯು. ಒಳಹೋಗುವ ದಾರಿಯನ್ನು ಹೇಳಿಕೊಟ್ಟವರು ಹೊರಬರುವ ದಾರಿಗೆ ಮೊದಲೇ ನಿಲ್ಲಿಸಿಬಿಟ್ಟರು. ನಮ್ಮ ಕಾಲೇಜುಗಳ ಆಟಗಾರರ ಕಥೆಯೂ ಬಹುಮಟ್ಟಿಗೆ ಇದೇ ಅಲ್ಲವೆ? ಕ್ರೀಡೆಯ ಮೀಸಲಿನಲ್ಲಿ ಪ್ರವೇಶ ಸಿಗುತ್ತದೆ. ಮೂರು ವರ್ಷ ಆಡುತ್ತಾರೆ. ಹೊರಗೆ ಬರುವಾಗ ಕೈಯಲ್ಲೊಂದು ಪ್ರಮಾಣಪತ್ರ. ಅಮೆರಿಕದಲ್ಲಿಯೂ ಕಾಲೇಜಿನಲ್ಲಿ ಆಡಿದ ನೂರು ಜನರಲ್ಲಿ ವೃತ್ತಿಯ ಆಟದ ಆಯ್ಕೆಗೆ ಇಬ್ಬರು ಕೂಡ ಸಿಗುವುದಿಲ್ಲ. ಆದರೆ ಉಳಿದವರಲ್ಲಿ ಮನಸ್ಸಿದ್ದವರಿಗೆ ಅಲ್ಲಿ ಕೋಚಿನ ಕೆಲಸವೆಂಬ ಹೊರದಾರಿಯೊಂದಿದೆ: ಶಾಲೆ, ಸಣ್ಣ ಕಾಲೇಜು, ದೊಡ್ಡ ಕಾಲೇಜು. ನಮ್ಮಲ್ಲಿ ಪಟಿಯಾಲಕ್ಕೆ ಹೋಗಿ ಕಲಿತು ಬಂದವನಿಗೂ ವರುಷ ವರುಷದ ಕರಾರು. ಬೇಸಿಗೆ ಶಿಬಿರದ ಮಕ್ಕಳು. ನಡುವೆ ಅಂಗಡಿಯ ಲೆಕ್ಕ ಬರೆಯುವುದು.

ನಮ್ಮ ಮೇಷ್ಟರು ನಿವೃತ್ತರಾದ ಮೇಲೆ ಆ ಕಾಲೇಜಿನಲ್ಲಿ ಆ ಜಾಗ ಬಹಳ ಕಾಲ ಖಾಲಿಯಿತ್ತು. ಅಂಕಣದ ಅರ್ಧಕ್ಕೆ ಹೊಸ ಕೊಠಡಿಗಳು ಬಂದುವು. ಕೊಠಡಿಯೂ ಬೇಕಾದದ್ದೇ, ಬೇಡವೆನ್ನುವವರು ಯಾರು? ಉಳಿದ ಅರ್ಧದಲ್ಲಿ ಒಂದು ಬುಟ್ಟಿ ಮಾತ್ರ ಬಲಕ್ಕೆ ಬಾಗಿ ನಿಂತಿದೆ. ಒಂದೇ ಬುಟ್ಟಿಯಿಂದ ಪಂದ್ಯ ನಡೆಯುವುದಿಲ್ಲ. ಆದರೂ ಸಂಜೆ ಕೆಲವು ಹುಡುಗಿಯರು ಬಂದು ಆಡುತ್ತಾರೆ. ಅವರಿಗೆ ಹೇಳಿಕೊಡುವವನು ನಮ್ಮ ತಂಡದಲ್ಲಿ ಆಡುತ್ತಿದ್ದವನೇ, ಈಗ ಬ್ಯಾಂಕಿನ ಗುಮಾಸ್ತೆ. ಕೆಲಸ ಮುಗಿಸಿಕೊಂಡು ಊಟದ ಡಬ್ಬಿಯ ಸಮೇತ ಬರುತ್ತಾನೆ. ಸಂಬಳವಿಲ್ಲ. ಒಮ್ಮೆ ಬೇಲಿಯ ಈಚೆ ನಿಂತು ಕೇಳಿದೆ. ‘ಇಟ್ಕೋಬೇಡ, ಕೊಡು!’ ಎಂದು ಕೂಗುತ್ತಿದ್ದ. ಮೇಷ್ಟರ ಪುಟದಲ್ಲಿ ಒಂದು ಗೆಲುವು ಬರೆದುಕೊಂಡೆ.

ಒಬ್ಬೊಬ್ಬರ ಒಳ್ಳೆಯತನದ ಮೇಲೆ ಆಟ ಎಷ್ಟು ದಿನ ನಡೆದೀತು? ತಾಲ್ಲೂಕಿಗೊಬ್ಬ ಖಾಯಂ ಕೋಚು, ಅವನಿಗೆ ಹತ್ತಲು ನಾಲ್ಕು ಮೆಟ್ಟಲು: ಇದು ಆಗದ ಮಾತಲ್ಲ. ಅಷ್ಟಾಗುವವರೆಗೆ ಇನ್ನೊಂದು ಸಣ್ಣ ಕೆಲಸವನ್ನಾದರೂ ಮಾಡಬಹುದು. ಬೇಲೂರಿನ ಮದನಿಕೆಯರ ಪೀಠಗಳ ಮೇಲೆ ಶಿಲ್ಪಿಗಳು ತಮ್ಮ ಹೆಸರು ಕೊರೆದಿದ್ದಾರೆ. ಬಳ್ಳಿಗಾವಿಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರೂ ಇದೆ. ಕಲಿಸಿದವನು, ಕಲಿತವನು, ಇಬ್ಬರೂ. ನಮ್ಮ ಕಾಲೇಜುಗಳ ಕಪ್ಪುಗಳ ಮೇಲೆ ವರ್ಷವನ್ನೂ ನಾಯಕನ ಹೆಸರನ್ನೂ ಕೆತ್ತಿಸುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲಿಗೆ ಜಾಗವಿರುತ್ತದೆ.